ಸಂಕಷ್ಟಿಯ ತಲೆನೋವು

ಪರೀಕ್ಷಾ ಕೋಣೆಯೊಳಗೆ ನಾನು ಆಡಬಹುದಾದ ಮಾತುಗಳೆಲ್ಲ ಮೊದಲೇ ಅಚ್ಚಾಗಿ ಬಂದಿರುತ್ತವೆ. ‘ಜೇಬುಗಳನ್ನು ಹೊರಗೆಳೆದು ತೋರಿಸಿ.’ ‘ಏನಾದರೂ ಬೇಕಿದ್ದರೆ ಕೈ ಎತ್ತಿ.’ ‘ವಿರಾಮ ತೆಗೆದುಕೊಳ್ಳಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ.’ ಇವನ್ನು ಇಂಗ್ಲಿಷಿನಲ್ಲಿ, ಇದ್ದದ್ದು ಇದ್ದ ಹಾಗೆ ಓದಬೇಕು. ಒಂದು ಪದ ಹೆಚ್ಚು ಆಡುವಂತಿಲ್ಲ. ತಲೆಯ ಮೇಲೆ ಕ್ಯಾಮೆರಾ ಇದೆ, ಮೈಕ್ ಇದೆ. ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಅದೇ ಮೈಕಿನ ಕೆಳಗೆ ನಿಂತು ನಾನು ಕನ್ನಡದಲ್ಲಿ ಕಿರುಚಿದೆ. ಕಿರುಚಲು ಅಷ್ಟು ಹೊತ್ತು ಯಾಕೆ ತೆಗೆದುಕೊಂಡೆ ಎಂಬುದನ್ನು ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ ಇವತ್ತಿಗೂ ಲೆಕ್ಕ ಹಾಕುತ್ತಿರುತ್ತೇನೆ.

ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಹೊರವಲಯದ ಲಿವೋನಿಯಾದಲ್ಲಿ ಫ್ರೀವೇ ಪಕ್ಕದ ಒಂದು ತಗ್ಗು ಕಟ್ಟಡದಲ್ಲಿ ನಮ್ಮ ಪರೀಕ್ಷಾ ಕೇಂದ್ರವಿತ್ತು. ನಾನು ಅಲ್ಲಿ ಮೇಲ್ವಿಚಾರಕಿ. ಇಲ್ಲಿನ ಕಾಲೇಜುಗಳಲ್ಲಿ ಒಂದು ಅನುಕೂಲವಿದೆ. ಒಂದು ವಿಷಯ ನಿಮಗೆ ಈಗಾಗಲೇ ಗೊತ್ತಿದ್ದರೆ ಇಡೀ ಟರ್ಮ್ ಕ್ಲಾಸಿನಲ್ಲಿ ಕೂರಬೇಕಿಲ್ಲ. ದೇಶಕ್ಕೆಲ್ಲ ಒಂದೇ ಮಾದರಿಯ ಪರೀಕ್ಷೆಯೊಂದನ್ನು ಕಂಪ್ಯೂಟರಿನಲ್ಲಿ ಬರೆದು ಪಾಸಾದರೆ ಆ ವಿಷಯದ ಕ್ರೆಡಿಟ್ ಡಿಗ್ರಿಗೆ ಸೇರುತ್ತದೆ. ಒಂದೂವರೆ ಗಂಟೆಯ ಕೆಲಸ. ಕೆಲಸ ಮಾಡುತ್ತಾ ಓದುವವರು, ಮಕ್ಕಳನ್ನು ಬೆಳೆಸುತ್ತಾ ಓದುವವರು, ಎಂದೋ ಅರ್ಧಕ್ಕೆ ಬಿಟ್ಟ ಡಿಗ್ರಿಯನ್ನು ಮುಗಿಸಿಕೊಳ್ಳಲು ಬಂದವರು, ಇಂಥವರೇ ನಮ್ಮಲ್ಲಿಗೆ ಹೆಚ್ಚು ಬರುತ್ತಿದ್ದರು.

ಅಂದು ಬಂದವಳೂ ಅಂಥವಳೇ. ನಾರ್ತ್‌ವಿಲ್‌ನಲ್ಲಿ ಮನೆ. ಮೈಸೂರಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಮದುವೆಯಾಗಿ ಇಲ್ಲಿಗೆ ಬಂದವಳು. ಮಕ್ಕಳಿಬ್ಬರೂ ಸ್ಕೂಲಿಗೆ ಹೋಗತೊಡಗಿದ ಮೇಲೆ ಕಾಲೇಜಿಗೆ ಸೇರಿ, ಹಲವು ವಿಷಯಗಳನ್ನು ಹೀಗೆ ಪರೀಕ್ಷೆಯಲ್ಲೇ ಮುಗಿಸಿದ್ದಳು. ಉಳಿದದ್ದು ಒಂದೇ, ಅಮೆರಿಕನ್ ಸರ್ಕಾರದ ವಿಷಯ. ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಪೂರೈಸುವ ಆಫೀಸೊಂದರಲ್ಲಿ ಅವಳು ತಾತ್ಕಾಲಿಕವಾಗಿ ಕೆಲಸಕ್ಕಿದ್ದಳು. ತಿಂಗಳ ಕೊನೆಯೊಳಗೆ ಡಿಗ್ರಿ ಮುಗಿದ ಪತ್ರ ತಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಎಂದು ಅವರು ಹೇಳಿಯಾಗಿತ್ತು. ಫೇಲಾದರೂ, ಪರೀಕ್ಷೆ ರದ್ದಾದರೂ ಮತ್ತೆ ಕೂರಲು ಮೂರು ತಿಂಗಳು ಕಾಯಬೇಕು. ಹಾಗಾಗಿ ಅವಳಿಗೆ ಇದ್ದದ್ದು ಅದೊಂದೇ ಅವಕಾಶ.

ಕನ್ನಡ ಕೂಟದ ಊಟಗಳಲ್ಲಿ ನಾವು ಪರಿಚಯವಾದವರು. ನಿಯಮದ ಪ್ರಕಾರ ಅದನ್ನು ನಾನು ಮ್ಯಾನೇಜರಿಗೆ ಮುಂಚೆಯೇ ತಿಳಿಸಿದ್ದೆ. “ನಿಮ್ಮವರೆಲ್ಲ ಒಬ್ಬರಿಗೊಬ್ಬರು ಗೊತ್ತೇ ಇರುತ್ತಾರೆ. ಅದನ್ನೇ ಹಿಡಿದು ಕೂತರೆ ನಾನು ಸೆಂಟರ್ ಮುಚ್ಚಬೇಕಾಗುತ್ತದೆ” ಎಂದು ಹೇಳಿ ಆಕೆ ರಜೆಯ ಮೇಲೆ ಫ್ಲೋರಿಡಾಕ್ಕೆ ಹೋದಳು.

ರಾತ್ರಿಯೆಲ್ಲ ಹಿಮ ಬಿದ್ದಿತ್ತು. ನಾನು ತಲುಪುವಷ್ಟರಲ್ಲಿ ಹಿಮ ಬಳಿಯುವವನು ಬಂದು ಪಾರ್ಕಿಂಗ್ ಲಾಟನ್ನು ಚೊಕ್ಕ ಮಾಡಿ, ಬಳಿದ ಹಿಮವನ್ನೆಲ್ಲ ಹಿಂದಿನ ಗೋಡೆಗೆ ಒತ್ತಿ ಗುಡ್ಡೆ ಹಾಕಿ ಹೋಗಿದ್ದ. ಎಷ್ಟು ಅಚ್ಚುಕಟ್ಟು ಎಂದುಕೊಂಡೇ ಕಾರು ನಿಲ್ಲಿಸಿದೆ.

ಹವೆಯ ದೆಸೆಯಿಂದ ಬಂದವರು ಇಬ್ಬರೇ. ಅವಳು, ಮತ್ತೊಬ್ಬ ಟ್ರಕ್ ಚಾಲಕ. ಅವನು ಬಾಗಿಲು ತುಂಬುವ ಆಳು. ಜೇಬು ಹೊರಗೆಳೆದು ತೋರಿಸುವಾಗ, “ಮೂರು ಮೊಟ್ಟೆ, ಸಾಸೇಜ್, ಪ್ಯಾನ್‌ಕೇಕ್ ಹೊಡೆದು ಬಂದಿದ್ದೇನೆ. ಇಷ್ಟಾದ ಮೇಲೂ ಫೇಲಾದರೆ ತಪ್ಪು ಹೊಟ್ಟೆಯದಲ್ಲ” ಎಂದು ನಕ್ಕ.

ಅವಳು ಸ್ವೆಟರ್ ತೋಳು ಮಡಿಸುತ್ತಾ ಮೆಲ್ಲಗೆ, “ಆಂಟಿ, ಇವತ್ತು ಸಂಕಷ್ಟಿ” ಎಂದಳು. ಇದು ಇನ್ನೂ ಹೊರಗಿನ ಮೇಜಿನ ಹತ್ತಿರ, ಅಲ್ಲಿ ಮಾತಾಡಬಹುದು.

“ಗೊತ್ತಮ್ಮಾ, ನಂದೂ ಉಪವಾಸವೇ. ಆದ್ರೆ ಪರೀಕ್ಷೆ ದಿನ ನಿಂಗ್ಯಾಕೆ ಇದು?”

“ಬೇಕಂತ್ಲೇ ಈ ಡೇಟ್ ಬುಕ್ ಮಾಡಿದ್ದು. ಹೋದ್ಸಲ ಎರಡು ಪೇಪರ್ರೂ ಸಂಕಷ್ಟಿ ದಿನಾನೇ ಪಾಸಾಗಿದ್ದು.”

“ಕಾಫೀನಾದ್ರೂ ಕುಡಿದ್ಯಾ?”

“ಇಲ್ಲ. ರಾತ್ರಿ ಚಂದ್ರ ನೋಡಿದ್ಮೇಲೇ.”

“ಈ ಮಿಶಿಗನ್ ಮೋಡದಲ್ಲಿ ಯಾವ ಚಂದ್ರಾನೇ ನಿಂಗೆ ಕಾಣಿಸೋದು?”

“ಫೋನಲ್ಲಿ ಟೈಮ್ ನೋಡ್ಕೋತೀನಿ ಆಂಟಿ” ಎಂದು ನಕ್ಕು, ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋದಳು.

ಎಂಟೂವರೆಗೆ ಪರೀಕ್ಷೆ ಶುರುವಾಯಿತು. ನಾನು ಗಾಜಿನ ಈಚೆ ನನ್ನ ಮೇಜಿನಲ್ಲಿ ಕೂತೆ. ಕೋಣೆ ಬೆಚ್ಚಗಿತ್ತು. ಹೊರಗೆ ಸೊನ್ನೆ ಡಿಗ್ರಿ ಇದ್ದುದರಿಂದ ಕಟ್ಟಡವನ್ನು ಬೆಚ್ಚಗಿಡುವ ಗ್ಯಾಸಿನ ಫರ್ನೇಸ್ ಒಂದೇ ಸಮ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಹಣೆಯ ಎರಡೂ ಬದಿ ಹಿಡಿದುಕೊಂಡಂತೆ ನೋವು ಶುರುವಾಯಿತು. ಕಾಫಿ ಬಿಟ್ಟರೆ ನನಗೆ ಹೀಗಾಗುವುದು ಹೊಸದಲ್ಲ. ಪ್ರತಿ ಸಂಕಷ್ಟಿಗೂ ಹತ್ತು ಗಂಟೆಯ ಹೊತ್ತಿಗೆ ತಲೆನೋವು ಬರುತ್ತದೆ. ಇವತ್ತು ಒಂದಿಷ್ಟು ಬೇಗ ಬಂತು, ಅಷ್ಟೇ ಎಂದುಕೊಂಡೆ.

ಅವಳೂ ಹಣೆ ಒತ್ತಿಕೊಳ್ಳುತ್ತಿದ್ದಳು. ನೋಡಿ ಸಿಟ್ಟು ಬಂತು. ತಿಂದು ಬಾರಮ್ಮಾ ಎಂದರೆ ಕೇಳುವುದಿಲ್ಲ. ಅವಳು ಕೈ ಎತ್ತಿದಳು. ಹೋದೆ.

“ಆಂಟಿ, ತಲೆ ಸಿಡೀತಿದೆ” ಎಂದಳು, ಪಿಸುದನಿಯಲ್ಲಿ.

ಮೈಕ್ ಇದೆ. ಕನ್ನಡದಲ್ಲಿ ಉತ್ತರಿಸಿದರೆ ನಾನು ಏನೋ ಹೇಳಿಕೊಟ್ಟೆ ಎಂದಾಗುತ್ತದೆ. ಅಚ್ಚಾದ ಮಾತನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ವಿರಾಮ ತೆಗೆದುಕೊಳ್ಳಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಅವಳು ಅಪರಿಚಿತರನ್ನು ನೋಡುವ ಹಾಗೆ ನನ್ನನ್ನು ನೋಡಿ ಮತ್ತೆ ಪರದೆಯತ್ತ ತಿರುಗಿದಳು.

ಐದು ನಿಮಿಷವೂ ಆಗಿರಲಿಲ್ಲ, ಟ್ರಕ್ ಚಾಲಕ ಕೈ ಎತ್ತಿದ. ಬೆವರಿದ್ದ. “ತಲೆ ಸುತ್ತುತ್ತಿದೆ ಮೇಡಂ, ವಾಂತಿ ಬರುವ ಹಾಗಿದೆ. ಆ ಸಾಸೇಜ್ ಹಳಸಿತ್ತೋ ಏನೋ.” ಅವನಿಗೂ ಅದೇ ಮಾತು ಒಪ್ಪಿಸಿದೆ. ಅವನು ಕೂತೇ ಇದ್ದ.

ಮೇಜಿಗೆ ವಾಪಸಾದೆ. ಅವನು ಕೈ ಎತ್ತಿದ್ದನ್ನು ಕಂಪ್ಯೂಟರಿಗೆ ಹಾಕಬೇಕು. ಸೀಟ್ ನಂಬರ್ ತಪ್ಪಾಯಿತು. ಅಳಿಸಿ ಹಾಕಿದೆ, ಮತ್ತೆ ತಪ್ಪಾಯಿತು. ಇದ್ದದ್ದು ಎರಡೇ ಸೀಟು. ಆ ಎರಡರಲ್ಲಿ ಒಂದನ್ನು ನೆಟ್ಟಗೆ ಒತ್ತಲು ಆಗುತ್ತಿಲ್ಲವಲ್ಲ ಎಂದು ಕೂತಾಗ ಒಂದು ಯೋಚನೆ ನಿಧಾನವಾಗಿ, ಕೆಸರಿನಲ್ಲಿ ಕಾಲೆಳೆದ ಹಾಗೆ, ಮುಂದೆ ಬಂತು. ನನಗೆ ಉಪವಾಸ. ಅವಳಿಗೆ ಉಪವಾಸ. ಅವನಿಗೆ ಯಾವ ಸಂಕಷ್ಟಿ?

ನಾನು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಆಮ್ಲಜನಕ ಕೂರಬೇಕಾದ ಜಾಗದಲ್ಲಿ ರಕ್ತದೊಳಗೆ ತಾನು ಹೋಗಿ ಕೂರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೇನೆ. ಚಾವಣಿ ನೋಡಿದೆ. ಹೊಗೆ ಪತ್ತೆಮಾಡುವ ಯಂತ್ರವಿತ್ತು. ಈ ಅನಿಲಕ್ಕೆ ಅದು ಸ್ಪಂದಿಸುವುದಿಲ್ಲ.

ಇಷ್ಟು ತಿಳಿದ ಮೇಲೆ ಮನುಷ್ಯರಾದವರು ಏನು ಮಾಡಬೇಕು? ಬಾಗಿಲು ತೆರೆದು ಎಲ್ಲರನ್ನೂ ಹೊರಗಟ್ಟಬೇಕು. ನಾನು ಷಿಕಾಗೋಗೆ ಫೋನ್ ಮಾಡಿದೆ.

ಅದಕ್ಕೊಂದು ಕಾರಣವಿತ್ತು. ಆ ಕಾರಣ ಆಗ ಬಹಳ ದೊಡ್ಡದಾಗಿ ಕಂಡಿತ್ತು. ಪರೀಕ್ಷೆಯನ್ನು ನಡುವೆ ನಿಲ್ಲಿಸಿಡಲು ಒಂದು ಕೋಡ್ ಬೇಕು. ಅದನ್ನು ಹಾಕದೆ ಅಭ್ಯರ್ಥಿ ಕಟ್ಟಡದಿಂದ ಹೊರಗೆ ಹೋದರೆ ಪರೀಕ್ಷೆ ರದ್ದು. ಕೋಡ್ ಇದ್ದದ್ದು ಫ್ಲೋರಿಡಾದಲ್ಲಿದ್ದ ಮ್ಯಾನೇಜರ್ ಬಳಿ, ಆಕೆ ಫೋನ್ ಎತ್ತಲಿಲ್ಲ. ಆಕೆಯನ್ನು ಬಿಟ್ಟರೆ ಷಿಕಾಗೋ ಹತ್ತಿರದ ಪ್ರಾದೇಶಿಕ ಕಚೇರಿ ಕೊಡಬೇಕು. ನಮ್ಮಲ್ಲಿ ಒಂಬತ್ತೂವರೆಯಾಗುತ್ತಿತ್ತು. ಅವರ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಕಚೇರಿ ಒಂಬತ್ತಕ್ಕೆ ತೆರೆಯುತ್ತದೆ, ದಯವಿಟ್ಟು ಲೈನಿನಲ್ಲಿರಿ ಎಂದು ಧ್ವನಿಮುದ್ರಿತ ಹೆಂಗಸೊಬ್ಬಳು ಹೇಳಿ ಪಿಟೀಲು ಹಾಕಿದಳು. ವಿಷದ ಗಾಳಿ ತುಂಬಿದ ಕಟ್ಟಡದಲ್ಲಿ ಫೋನ್ ಕಿವಿಗಿಟ್ಟುಕೊಂಡು ಪಿಟೀಲು ಕೇಳುತ್ತಾ ನಾನು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಈಗಲೂ ಬ್ಯಾಂಕಿಗೋ ಏರ್‌ಲೈನಿಗೋ ಫೋನ್ ಮಾಡಿದಾಗ ಆ ಥರದ ಸಂಗೀತ ಬಂದರೆ ಫೋನ್ ಇಟ್ಟುಬಿಡುತ್ತೇನೆ.

ಗಾಜಿನಾಚೆ ಅವಳ ತಲೆ ಮೆಲ್ಲಗೆ ಕೀಬೋರ್ಡಿನತ್ತ ಬಾಗಿ, ಮತ್ತೆ ಎದ್ದಿತು. ಫೋನನ್ನು ಮೇಜಿನ ಮೇಲೆ ಬಿಟ್ಟು ಒಳಗೆ ನುಗ್ಗಿದೆ. ಎದ್ದು ಹೊರಡಿ, ಗಾಳಿಯಲ್ಲಿ ವಿಷವಿದೆ ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಚಾಲಕ ಕುರ್ಚಿ ಹಿಡಿದು ಎದ್ದ. ಅವಳು ಏಳಲಿಲ್ಲ.

“ಆಂಟಿ, ಇನ್ನು ಹತ್ತೇ ಪ್ರಶ್ನೆ.”

ಮೈಕು, ಕ್ಯಾಮೆರಾ ಎಲ್ಲ ಮರೆತುಹೋಯಿತು. “ನಿನ್ನ ಸುಡುಗಾಡು ಪರೀಕ್ಷೆ! ಎದ್ದೇಳೆ!”

“ಎದ್ರೆ ಕ್ಯಾನ್ಸಲ್ ಆಗತ್ತೆ. ಮೂರು ತಿಂಗ್ಳು ಕಾಯ್ಬೇಕು. ಕೆಲ್ಸ ಹೋಗತ್ತೆ ಆಂಟಿ, ಪ್ಲೀಸ್. ಹತ್ತೇ ನಿಮಿಷ.”

“ಹತ್ತು ನಿಮಿಷದಲ್ಲಿ ನೀನು ಹೋದ್ರೆ ನಿನ್ ಮಕ್ಳಿಗೆ ನಾನೇನ್ ಹೇಳ್ಲಿ? ಬಿಡು ಅದನ್ನ!”

ಅವಳು ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಹಿಡಿದುಕೊಂಡಳು. ನಾನು ಬೆರಳು ಬಿಡಿಸತೊಡಗಿದೆ. ನನ್ನ ಕೈಯಲ್ಲೂ ಬಲವಿರಲಿಲ್ಲ. ಒಂದು ಬೆರಳು ಬಿಡಿಸಿದರೆ ಇನ್ನೊಂದು ಹೋಗಿ ಹಿಡಿದುಕೊಳ್ಳುತ್ತಿತ್ತು. ಚಾಲಕನಿಗೆ ನಮ್ಮ ಭಾಷೆ ತಿಳಿಯದಿದ್ದರೂ ಜಗಳ ತಿಳಿಯಿತು. “ಕುರ್ಚಿಗೆ ಚಕ್ರ ಇದೆ ಮೇಡಂ” ಎಂದ. ಕುರ್ಚಿಯ ಬೆನ್ನಿಗೆ ತನ್ನ ಭಾರವನ್ನೆಲ್ಲ ಹಾಕಿ ಹಿಂದಕ್ಕೆಳೆದ. ಅವಳು ಕುರ್ಚಿ ಸಮೇತ ಮೇಜಿನಿಂದ ಕಿತ್ತುಬಂದಳು. ಅವಳು ಅಳುತ್ತಾ ಬೈಯುತ್ತಿದ್ದಂತೆಯೇ ಇಬ್ಬರೂ ಕುರ್ಚಿಯನ್ನು ಕಾರಿಡಾರಿನುದ್ದಕ್ಕೂ ತಳ್ಳಿ, ಮುಂಬಾಗಿಲು ದಾಟಿ, ಹಿಮದಲ್ಲಿ ಚಕ್ರ ಹೂತು ನಿಲ್ಲುವವರೆಗೂ ತಳ್ಳಿದೆವು. ಕೋಟುಗಳು ಲಾಕರಿನಲ್ಲೇ ಉಳಿದವು. ಚಾಲಕ ಹಿಮಕ್ಕೆ ಮಂಡಿಯೂರಿ ತನ್ನ ತಿಂಡಿಯನ್ನೆಲ್ಲ ಹೊರಹಾಕಿದ. ನಾನು ಪಕ್ಕದ ಆಫೀಸಿನ ಬಾಗಿಲು ಬಡಿದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿಸಿದೆ.

ಅವರು ಬಂದು, ಕೈಯಲ್ಲಿ ಹಿಡಿಯುವ ಮೀಟರ್ ಜೊತೆ ಒಳಗೆ ಕಾಲಿಟ್ಟದ್ದೇ ತಡ, ಅದು ಕಿರುಚಲು ಶುರುಮಾಡಿದ್ದು ಹೊರಗೆ ನಿಂತ ನಮಗೂ ಕೇಳಿಸಿತು. ಆಮೇಲೆ ಅವರು ಹಿಂದಿನ ಗೋಡೆಗೆ ಹೋಗಿ ಹಿಮದ ಗುಡ್ಡೆ ಅಗೆದರು. ಫರ್ನೇಸಿನ ಹೊಗೆ ಹೊರಹೋಗುವ ಪೈಪು ಅದರೊಳಗಿತ್ತು. ಪೈಪು ಮುಚ್ಚಿಕೊಂಡರೆ ಫರ್ನೇಸನ್ನು ತಾನಾಗಿ ಆರಿಸಬೇಕಾದ ಸ್ವಿಚ್ ಎಂದೋ ಕೆಟ್ಟಿತ್ತು. ಸಲಿಕೆ ಹಿಡಿದಿದ್ದವನು ನನ್ನ ಹತ್ತಿರ ಬಂದು, “ಪರೀಕ್ಷೆ ಎಷ್ಟು ಹೊತ್ತಿನದು?” ಎಂದು ಕೇಳಿದ. ಒಂದೂವರೆ ಗಂಟೆ ಎಂದೆ. “ಮುಗಿಸುವವರೆಗೂ ಕೂತಿರಲಿಲ್ಲ, ಒಳ್ಳೆಯದಾಯಿತು” ಎಂದಷ್ಟೇ ಹೇಳಿ ಹೋದ.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕದ ಮಾಸ್ಕ್ ಹಾಕಿದರು. ಪಕ್ಕದ ಹಾಸಿಗೆಯಲ್ಲಿದ್ದ ಅವಳು ಮಾಸ್ಕ್ ಎತ್ತಿದಳು.

“ಆಂಟಿ, ಬರೆದಿದ್ದು ಸೇವ್ ಆಗಿರತ್ತಾ?”

“ಮಾಸ್ಕ್ ಹಾಕ್ಕೋ.”

ಸ್ವಲ್ಪ ಹೊತ್ತಿಗೆ ನರ್ಸ್ ಸೇಬಿನ ಜ್ಯೂಸ್ ತಂದಿಟ್ಟಳು. ಮತ್ತೆ ಮಾಸ್ಕ್ ಮೇಲೆ ಹೋಯಿತು.

“ಚಂದ್ರ ಬಂದಿಲ್ವಲ್ಲ ಆಂಟಿ.”

“ಗಣಪತಿ ಏನೂ ಅಂದ್ಕೊಳಲ್ಲ, ಕುಡಿಯೇ ಸುಮ್ನೆ!”

ಅವಳು ಕುಡಿದಳು. ನಾನೂ ಕುಡಿದೆ.

ಜೀವ ಉಳಿಯಿತು. ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದು ನಾನು ಅಂದುಕೊಂಡದ್ದು ಷಿಕಾಗೋ ಕಚೇರಿಯ ಪರಿಚಯ ಸಾಲದೆ. ಮಾರನೆಯ ದಿನ ಟ್ರಕ್ ಚಾಲಕನಿಗೆ ಉತ್ತರ ಬಂತು. ಪರೀಕ್ಷೆಗೆ ಅಡಚಣೆಯಾಗಿದೆ, ಯಾವಾಗ ಬೇಕಾದರೂ ಮತ್ತೆ ಬರೆಯಬಹುದು. ಅವಳಿಗೆ ಬೇರೆ ಉತ್ತರ. ಪರೀಕ್ಷೆ ರದ್ದಾಗಿದೆ, ವಿಚಾರಣೆ ನಡೆಯುತ್ತಿದೆ. ಕಾರಣವೆಂದರೆ ಮೇಲ್ವಿಚಾರಕಿ ಅಭ್ಯರ್ಥಿಯ ಜೊತೆ ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಮಾತಾಡಿದ್ದು ಧ್ವನಿಮುದ್ರಣದಲ್ಲಿದೆ.

ಫೋನ್ ಮಾಡಿದೆ. ಕಟ್ಟಡದಲ್ಲಿ ವಿಷದ ಅನಿಲವಿತ್ತು ಎಂದೆ. ಆ ಬಗ್ಗೆ ನಮಗೆ ವಿಷಾದವಿದೆ, ಅದು ಬೇರೆ ವಿಭಾಗ ಎಂದರು. ನಾನು ಹೇಳಿದ್ದು ಎದ್ದೇಳು ಅಂತ ಎಂದೆ. ನಿಮ್ಮ ಮಾತಿಗೆ ನೀವೇ ಅನುವಾದಕರಾಗುವಂತಿಲ್ಲ ಎಂದರು. ಸರಿ, ಬೇರೆಯವರಿಂದ ಮಾಡಿಸಿ ಕಳಿಸುತ್ತೇನೆ ಎಂದರೆ, ನಿಮ್ಮ ಪರಿಚಯದವರಾಗಿರಬಾರದು ಎಂದರು. ಡೆಟ್ರಾಯಿಟ್ ಸುತ್ತಮುತ್ತ ನನಗೆ ಪರಿಚಯವಿಲ್ಲದ ಕನ್ನಡದವರನ್ನು ನಾನು ಎಲ್ಲಿಂದ ತರಲಿ? ಕೊನೆಗೆ ಅವರೇ ಯಾರನ್ನೋ ಹುಡುಕಿಕೊಂಡರು. ಅಷ್ಟರಲ್ಲಿ ಒಂದು ವಾರ ಹೋಗಿತ್ತು. ಅವಳು ದಿನಾ ಆಫೀಸಿನಿಂದ ಫೋನ್ ಮಾಡಿ, “ಏನಾದ್ರೂ ಬಂತಾ ಆಂಟಿ?” ಎನ್ನುವಳು. ನಾನೇ ತಪ್ಪು ಮಾಡಿದವಳಂತೆ “ಇಲ್ಲಮ್ಮಾ” ಎನ್ನುತ್ತಿದ್ದೆ. ಒಂದು ಸಲ ತಡೆಯಲಾರದೆ ಅವಳು ಅಂದೇಬಿಟ್ಟಳು: “ಇಂಗ್ಲಿಷಲ್ಲೇ ಬೈದಿದ್ರೆ ಆಗ್ತಿತ್ತಲ್ಲ ಆಂಟಿ.”

“ಇಂಗ್ಲಿಷಲ್ಲಿ ಹೇಳಿದೆನಲ್ಲಾ! ನೀನು ಎದ್ಯಾ?”

ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ಮುಂದಿನ ಸೋಮವಾರ ವಿಚಾರಣೆಯ ಅಧಿಕಾರಿಣಿ ಕರೆ ಮಾಡಿದಳು. ಅನುವಾದ ಬಂದಿತ್ತು. ಆಕೆ ಅದನ್ನು ಹವಾಮಾನ ವರದಿ ಓದುವವರ ದನಿಯಲ್ಲಿ ಸಾಲುಸಾಲಾಗಿ ಓದತೊಡಗಿದಳು. ನಾನು ಹೌದು, ಹೌದು ಎನ್ನುತ್ತಾ ಹೋದೆ. ಒಂದು ಕಡೆ ನಿಂತಳು.

“ಇಲ್ಲಿ ನೀವು ಸ್ಮಶಾನದ ಪ್ರಸ್ತಾಪ ಮಾಡಿದ್ದೀರಿ. ಹೆಣ ಸುಡುವ ಜಾಗ. ಅದು ಪ್ರಶ್ನೆಪತ್ರಿಕೆಯ ಯಾವುದಾದರೂ ಉತ್ತರಕ್ಕೆ ಸಂಬಂಧಿಸಿದ್ದೇ?”

ಅಷ್ಟು ದಿನದ ವಿನಯವೆಲ್ಲ ಖರ್ಚಾಗಿಹೋಯಿತು. “ಇಲ್ಲ. ಅದು ನಾವು ಮೂವರೂ ಹೋಗುತ್ತಿದ್ದ ಜಾಗ” ಎಂದೆ. “ನಾನು ಸಹಾಯ ಮಾಡಿದೆ, ನಿಜ. ಉಸಿರಾಡಲು ಸಹಾಯ ಮಾಡಿದೆ. ಕೋಡ್ ಕೇಳಲು ನಿಮಗೇ ಮೊದಲು ಫೋನ್ ಮಾಡಿದ್ದೆ. ನೀವಿನ್ನೂ ಕಚೇರಿ ತೆರೆದಿರಲಿಲ್ಲ. ಆ ಕರೆಯೂ ನಿಮ್ಮಲ್ಲಿ ಮುದ್ರಣವಾಗಿರಬೇಕಲ್ಲ, ಅದನ್ನೂ ಒಮ್ಮೆ ಕೇಳಿ. ಅದಕ್ಕೆ ಅನುವಾದ ಬೇಕಿಲ್ಲ, ಪಿಟೀಲು ಮಾತ್ರ ಇದೆ.”

ಆಮೇಲೆ ಆಕೆ, ಬೇರೆಯೇ ದನಿಯಲ್ಲಿ, “ಈಗ ಹೇಗಿದ್ದೀರಿ?” ಎಂದು ಕೇಳಿದಳು. ಆ ಕಚೇರಿಯಿಂದ ಯಾರಾದರೂ ಅದನ್ನು ಕೇಳಿದ್ದು ಅದೇ ಮೊದಲು.

ಸಂಜೆಯೊಳಗೆ ತೀರ್ಮಾನ ಬಂತು. ಮೂರು ತಿಂಗಳ ತಡೆ ಇಲ್ಲ. ಆದರೆ ನಮ್ಮ ಕೇಂದ್ರ ಮುಚ್ಚಿದೆ, ಸುತ್ತಲಿನವು ಭರ್ತಿಯಾಗಿವೆ, ಆದ್ದರಿಂದ ಬರುವ ಶನಿವಾರ ಷಿಕಾಗೋ ಹೊರವಲಯದಲ್ಲಿರುವ ಅವರ ಸ್ವಂತ ಕೇಂದ್ರದಲ್ಲೇ ಬರೆಯಬೇಕು. ಅದು ತಿಂಗಳಿನ ಕೊನೆಯ ಶನಿವಾರ. ಒಬ್ಬಳೇ ದೂರ ಡ್ರೈವ್ ಮಾಡಬಾರದು ಎಂದು ಡಾಕ್ಟರ್ ಅವಳಿಗೆ ಹೇಳಿದ್ದರು. ಗಂಡ ಕೆಲಸದ ಮೇಲೆ ಊರಿನಲ್ಲಿರಲಿಲ್ಲ. ಮಕ್ಕಳನ್ನು ಪಕ್ಕದ ಮನೆಯವರು ಇಟ್ಟುಕೊಳ್ಳುತ್ತೇನೆ ಎಂದರು. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ.

“ನಿಮಗ್ಯಾಕೆ ತೊಂದ್ರೆ ಆಂಟಿ?”

“ನಿನ್ ಕುರ್ಚಿ ತಳ್ಳಿದೋಳು ನಾನೇ ತಾನೇ. ಪೂರ್ತಿ ಅಲ್ಲೀವರ್ಗೂ ತಳ್ಳಿ ಬರ್ತೀನಿ ಬಾ.”

ದಾರಿಯುದ್ದಕ್ಕೂ ಅವಳು ಅಮೆರಿಕದ ಸರ್ಕಾರವನ್ನು ಬಾಯಿಪಾಠ ಒಪ್ಪಿಸಿದಳು. ಕಲಮಜೂ ದಾಟಿದ ಮೇಲೆ ಸಿಕ್ಕ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ, ಅವಳು ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ಅವಳ ಮಡಿಲಿಗಿಟ್ಟೆ. ಪೂರ್ತಿ ಖಾಲಿಯಾಗುವವರೆಗೂ ಗಾಡಿ ಹೊರಡಿಸಲಿಲ್ಲ. ಇಂಡಿಯಾನಾ ಗಡಿ ದಾಟಿ ಸ್ವಲ್ಪ ಹೊತ್ತಿಗೆ ನನ್ನ ಫೋನಿನ ಗಡಿಯಾರ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಯಿತು. ಅಂದು ಎಷ್ಟು ಬೇಡಿದರೂ ಸಿಗದ ಗಂಟೆ ಇದೇ ಎಂದುಕೊಂಡೆ, ಹೇಳಲಿಲ್ಲ.

ಅವಳು ಒಳಗೆ ಹೋದ ಮೇಲೆ ನಾನು ಲಾಬಿಯಲ್ಲಿ ಕೂರಲು ನೋಡಿದೆ, ಆಗಲಿಲ್ಲ. ಗೋಡೆಯ ಮೇಲಿದ್ದ ಪುಟ್ಟ ಬಿಳಿ ಯಂತ್ರವನ್ನು ತೋರಿಸಿ, ಇದು ಮಾನಾಕ್ಸೈಡಿಗೂ ಕೂಗುತ್ತದೆಯೇ ಎಂದು ರಿಸೆಪ್ಷನಿಸ್ಟನ್ನು ಕೇಳಿದೆ. ಅವನು ಕೂಗುತ್ತದೆ ಎಂದ. ಕೊನೆಯದಾಗಿ ಯಾವಾಗ ಪರೀಕ್ಷಿಸಿದ್ದು ಎಂದೆ. ಅವನು ನನ್ನನ್ನು ನೋಡಿ ಕಂಪ್ಯೂಟರಿನತ್ತ ತಿರುಗಿಕೊಂಡ. ಹೊರಗೆ ಹೋಗಿ ಕಟ್ಟಡವನ್ನು ಸುತ್ತು ಹಾಕಿದೆ. ಹಿಂದಿನ ಗೋಡೆಯಲ್ಲಿ ಪೈಪು ಸಿಕ್ಕಿತು. ಹಿಮ ಅದಕ್ಕೆ ಒಂದು ಮೊಳ ಕೆಳಗಿತ್ತು. ಆದರೂ ಕಾಲಿನಿಂದ ಸ್ವಲ್ಪ ಸರಿಸಿದೆ. ಸೆಕ್ಯುರಿಟಿಯವನು ಬಂದು ಏನು ಬೇಕಿತ್ತು ಎಂದು ಕೇಳಿದ. ಏನೂ ಇಲ್ಲ, ನಡೆದಾಡುತ್ತಿದ್ದೇನೆ ಎಂದೆ. ಇನ್ನೊಂದು ಸುತ್ತು ಬಂದಾಗಲೂ ಅವನು ಅಲ್ಲೇ ಇದ್ದ.

ಲಾಬಿಗೆ ಬರುವ ಹೊತ್ತಿಗೆ ಒಳಬಾಗಿಲು ತೆರೆದುಕೊಂಡಿತು. ಫಲಿತಾಂಶ ಪರದೆಯ ಮೇಲೆ ಆಗಲೇ ಬಂದಿರುತ್ತದೆ. ಅವಳ ಮುಖ ಬಿಳಿಚಿಕೊಂಡಿತ್ತು, ಒಂದು ಕೈ ಹಣೆಯ ಮೇಲಿತ್ತು.

“ಅಬ್ಬಾ, ತಲೆ ಏನ್ ನೋಯ್ತಿದೆ ಆಂಟಿ” ಎಂದಳು.

ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅವಳ ಮಣಿಕಟ್ಟು ಹಿಡಿದು, ಎರಡು ಬಾಗಿಲು ತಳ್ಳಿ, ಪಾರ್ಕಿಂಗ್ ಲಾಟಿನ ನಟ್ಟನಡುವಿಗೆ ಎಳೆದುಕೊಂಡು ಬಂದಿದ್ದೆ. ಅವಳ ಕೋಟು ಮತ್ತೆ ಲಾಕರಿನಲ್ಲೇ ಉಳಿದಿತ್ತು.

“ಆಂಟಿ! ಆಂಟಿ, ಬೆಳಿಗ್ಗೆಯಿಂದ ಕಾಫಿ ಕುಡಿದಿಲ್ಲ, ಅಷ್ಟೇ!”

“ಉಸಿರು ತಗೋ.”

“ಪಾಸಾಗಿದೀನಿ ಆಂಟಿ.”

“ಮೊದ್ಲು ಉಸಿರು ತಗೋ” ಎಂದೆ. ಅವಳು ದೀರ್ಘವಾಗಿ ಉಸಿರೆಳೆದು ಬಿಟ್ಟಳು. ಬಾಯಿಂದ ಬಿಳಿ ಹಬೆ ಹೊರಟು ಇಬ್ಬರ ನಡುವೆ ನಿಂತಿತು. ಇನ್ನೊಂದು ಸಲ ಎಂದೆ. ಚಳಿಗೆ ನಡುಗುತ್ತಾ, ನಗುತ್ತಾ ಅವಳು ಇನ್ನೊಂದು ಸಲ ಉಸಿರೆಳೆದಳು. ಆಮೇಲೆ ಕೈ ಬಿಟ್ಟೆ.